ವಾಹನ ಸಲಹೆ: ಹ್ಯಾಂಡ್ ಬ್ರೇಕಿನ ಕೀರಲು ದನಿ

ಮಳೆ ಹಿಂದೆ ಸರಿದು ಬಿಸಿಲು ಬೀಳುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹಿಂಬದಿ ಬ್ರೇಕಿನ ದೂರುಗಳೇ ಮುಂದಾಗಿರುತ್ತವೆ. ಈ ಸಂಚಿಕೆಯನ್ನು ಅವಕ್ಕೇ ಮೀಸಲಿಟ್ಟಿದ್ದೇವೆ. ಮೊದಲ ಪತ್ರದಲ್ಲಿರುವ ತೊಂದರೆ ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಿಗೂ ಬರುವಂಥದ್ದಾದ್ದರಿಂದ ಅದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹಿಂದಿನ ಎರಡೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇದೆ. ಮನೆ ಸಮುದ್ರಕ್ಕೆ ಹತ್ತಿರ. ಕಾರು ವಾರದ ಹೆಚ್ಚಿನ ದಿನ ಅಂಗಳದಲ್ಲೇ ನಿಂತಿರುತ್ತದೆ. ಈ ಸಲದ ಮಳೆಗಾಲದ ನಂತರ ಹ್ಯಾಂಡ್ ಬ್ರೇಕ್ ಎಳೆಯುವಾಗ ಹಿಂದಿನಿಂದ ಕಿರ್ರೆನ್ನುವ ಸದ್ದು ಬರುತ್ತಿದೆ. ಬ್ರೇಕ್ ಬಿಟ್ಟು ಹೊರಟರೆ ಎಡಗಡೆಯ ಹಿಂದಿನ ಚಕ್ರದಿಂದ ತೆಳ್ಳನೆಯ ಕೀರಲು ದನಿ ಕೇಳುತ್ತದೆ. ಗ್ಯಾರೇಜಿನಲ್ಲಿ ಕೇಬಲ್ ಬಿಗಿ ಮಾಡಿ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಸದ್ದು ಇನ್ನೂ ಜೋರಾಯಿತು. ಈಗ ಬ್ರೇಕ್ ಶೂಗಳನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಕೈಗೆ ಸ್ವಲ್ಪ ಕೆಲಸ ಗೊತ್ತಿರುವವರು ಮನೆಯಲ್ಲೇ ಬಿಚ್ಚಿ ನೋಡಬಹುದೇ?
— ಓದುಗರು, ಕುಂದಾಪುರ

ಉತ್ತರ: ಬಿಚ್ಚಿ ನೋಡಬಹುದು. ಆದರೆ ಪಾನಾ ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿಕೊಳ್ಳಿ. ಅದರಲ್ಲಿ ಇರುವುದು ಒಂದು ಸದ್ದಲ್ಲ, ಎರಡು. ಕಾರು ನಿಂತಿರುವಾಗ ಲಿವರ್ ಎಳೆದರೆ ಬರುವುದು ಒಂದು, ಲಿವರ್ ಬಿಟ್ಟು ಚಕ್ರ ತಿರುಗತೊಡಗಿದ ಮೇಲೆ ಬರುವುದು ಇನ್ನೊಂದು. ಮೊದಲನೆಯದು ಎಲ್ಲೋ ಒಂದು ಭಾಗ ಒಣಗಿ, ತುಕ್ಕು ಹಿಡಿದು, ಸರಾಗವಾಗಿ ಸರಿಯದೆ ಮೊರೆಯಿಡುತ್ತಿರುವುದರ ಗುರುತು. ಎರಡನೆಯದು ಬ್ರೇಕ್ ಪೂರ್ತಿ ಬಿಡುಗಡೆಯಾಗದೆ ಡ್ರಮ್ಮಿಗೆ ಸವರಿಕೊಂಡೇ ಇರುವುದರ ಗುರುತು. ಎರಡಕ್ಕೂ ಮೂಲ ಒಂದೇ ಇರಬಹುದು, ಬೇರೆ ಬೇರೆಯೂ ಇರಬಹುದು. ಸದ್ದು ಯಾವಾಗ ಬರುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಬಿಡಿಭಾಗ ಬದಲಿಸಲು ಹೊರಟರೆ ಹಣವೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಒಳಗಿನ ವ್ಯವಸ್ಥೆ ಸರಳವಾದದ್ದು. ಡ್ರಮ್ ಎಂದರೆ ಚಕ್ರದೊಡನೆ ತಿರುಗುವ ಬಟ್ಟಲು; ಶೂ ಎಂದರೆ ಅದರೊಳಗೆ ಕೂತು, ಮೈಮೇಲಿನ ಲೈನರ್ ಎಂಬ ಉಜ್ಜುಪದರದಿಂದ ಬಟ್ಟಲನ್ನು ಒಳಗಿನಿಂದ ಒತ್ತಿ ಹಿಡಿಯುವ ಬಾಗಿದ ತುಂಡು. ನೀವು ಲಿವರ್ ಎಳೆದಾಗ ಅದರ ಬುಡದಲ್ಲಿರುವ ಸರಳು ಎರಡು ಕೇಬಲ್‌ಗಳನ್ನು ಸಮನಾಗಿ ಸೆಳೆಯುತ್ತದೆ. ಒಂದೊಂದು ಕೇಬಲ್ಲೂ ಕಾರಿನ ಅಡಿಯಲ್ಲಿ ಹಿಂದಕ್ಕೆ ಸಾಗಿ, ಡ್ರಮ್ಮಿನ ಹಿಂಭಾಗದ ಬ್ಯಾಕ್ ಪ್ಲೇಟನ್ನು ತೂರಿ, ಒಳಗೆ ಒಂದು ಶೂವಿಗೆ ಜೋಡಿಸಿರುವ ಉದ್ದನೆಯ ಪಟ್ಟಿಯ ತುದಿಗೆ ಸಿಕ್ಕಿಕೊಂಡಿರುತ್ತದೆ. ಆ ಪಟ್ಟಿ ವಾಲಿದಾಗ ನಡುವಿನ ಅಡ್ಡಕಡ್ಡಿಯ ಮೂಲಕ ಎದುರಿನ ಶೂವನ್ನು ಹೊರಕ್ಕೆ ತಳ್ಳುತ್ತದೆ, ಅದರ ಪ್ರತಿಬಲದಿಂದ ತಾನಿರುವ ಶೂವನ್ನೂ ಡ್ರಮ್ಮಿಗೆ ಒತ್ತುತ್ತದೆ. ಲಿವರ್ ಕೆಳಗಿಳಿಸಿದರೆ ಸ್ಪ್ರಿಂಗುಗಳು ಎರಡೂ ಶೂಗಳನ್ನು ಹಿಂದಕ್ಕೆಳೆದು ಮೊದಲಿನ ಜಾಗಕ್ಕೆ ಕೂರಿಸುತ್ತವೆ. ಕಾಲಿನ ಬ್ರೇಕ್ ಒತ್ತಿದಾಗ ದುಡಿಯುವುದೂ ಇವೇ ಶೂಗಳು. ವ್ಯತ್ಯಾಸವೆಂದರೆ ಆಗ ಅವನ್ನು ತಳ್ಳುವುದು ಬ್ರೇಕ್ ಆಯಿಲ್ ತುಂಬಿದ ವೀಲ್ ಸಿಲಿಂಡರ್.

ಈ ಶೂಗಳ ಲೋಹದ ಅಂಚು ಬ್ಯಾಕ್ ಪ್ಲೇಟಿನ ಮೇಲೆ ತುಸು ಉಬ್ಬಿದಂತಿರುವ ಸಣ್ಣ ಸಣ್ಣ ದಿಣ್ಣೆಗಳನ್ನು ಆತುಕೊಂಡು ಹಿಂದೆ ಮುಂದೆ ಜಾರುತ್ತದೆ. ಸಾಮಾನ್ಯವಾಗಿ ಒಂದು ಶೂವಿಗೆ ಮೂರು ದಿಣ್ಣೆಗಳಿರುತ್ತವೆ. ನಮ್ಮ ಕಥೆಯ ಮುಖ್ಯ ಪಾತ್ರ ಇವೇ. ಕಾರ್ಖಾನೆಯಿಂದ ಬಂದಾಗ ಇವುಗಳ ಮೇಲೆ ಗ್ರೀಸಿನ ತೆಳುಪದರ ಇರುತ್ತದೆ. ವರ್ಷಗಳು ಕಳೆದಂತೆ ಬ್ರೇಕಿನ ಕಪ್ಪು ಪುಡಿ ಅದರೊಂದಿಗೆ ಬೆರೆತು ಹುಡಿಯಾಗಿ ಉದುರುತ್ತದೆ. ಕರಾವಳಿಯ ಉಪ್ಪುಗಾಳಿಯೂ ಮಳೆಗಾಲದ ತೇವವೂ ಸೇರಿ ಬೆತ್ತಲಾದ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ಆಗ ಶೂ ಒಂದೇ ಹದದಲ್ಲಿ ಜಾರುವುದಿಲ್ಲ. ಅಂಟಿಕೊಂಡು ನಿಲ್ಲುತ್ತದೆ, ಬಲ ಹೆಚ್ಚಿದಾಗ ಥಟ್ಟನೆ ಜಾರುತ್ತದೆ, ಮತ್ತೆ ಅಂಟುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ಈ ಅಂಟು-ಜಾರಾಟ ಸೆಕೆಂಡಿಗೆ ನೂರಾರು ಸಲ ನಡೆದಾಗ ಕಿರ್ರೆಂಬ ನಾದ ಹುಟ್ಟುತ್ತದೆ, ತಟ್ಟೆಯಂತೆ ತೆಳುವಾದ ಬ್ಯಾಕ್ ಪ್ಲೇಟು ಅದನ್ನು ಇನ್ನಷ್ಟು ದೊಡ್ಡದು ಮಾಡಿ ಕೇಳಿಸುತ್ತದೆ.

ಇನ್ನು ಕೇಬಲ್ ಬಿಗಿ ಮಾಡಿದ ವಿಚಾರ. ಲಿವರಿನ ಬುಡದ ಮುಚ್ಚಳ ತೆಗೆದು ಒಂದು ನಟ್ಟನ್ನು ನಾಲ್ಕು ಸುತ್ತು ತಿರುಗಿಸುವುದು ಐದು ನಿಮಿಷದ ಕೆಲಸ. ಗಿರಾಕಿಗೆ ತಕ್ಷಣ ಲಿವರ್ ಗಟ್ಟಿಯಾದಂತೆ ಅನಿಸುವುದರಿಂದ ಹಲವು ಕಡೆ ಮೊದಲು ಕೈ ಹಾಕುವುದೇ ಅಲ್ಲಿಗೆ. ನಮ್ಮ ದೃಷ್ಟಿಯಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ಡ್ರಮ್ಮಿನ ಒಳಗಿನ ಪಟ್ಟಿ ಲಿವರ್ ಬಿಟ್ಟಾಗ ತನ್ನ ತಂಗುದಾಣಕ್ಕೆ ಪೂರ್ತಿ ಮರಳಬೇಕು. ಕೇಬಲನ್ನು ಮಿತಿಮೀರಿ ಬಿಗಿದರೆ ಪಟ್ಟಿ ಅರ್ಧದಲ್ಲೇ ನಿಲ್ಲುತ್ತದೆ, ಶೂಗಳು ಸದಾ ತುಸು ಹೊರಚಾಚಿಕೊಂಡೇ ಇರುತ್ತವೆ. ಲೈನರ್ ಸವೆದಂತೆ ಅಡ್ಡಕಡ್ಡಿಯ ಉದ್ದವನ್ನು ತಾನಾಗಿ ಹೆಚ್ಚಿಸಿಕೊಳ್ಳುವ ಹೊಂದಾಣಿಕೆ ಹಲ್ಲುಗಳ ಲೆಕ್ಕವೂ ಇದರಿಂದ ತಪ್ಪುತ್ತದೆ. ಚಕ್ರ ತಿರುಗುವಾಗ ಲೈನರ್ ಡ್ರಮ್ಮಿಗೆ ಸವರುತ್ತಾ ಕಾಯುತ್ತದೆ, ಕಾದು ಅದರ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ನುಣುಪಾದ ಲೈನರ್ ಕಿರುಚುತ್ತದೆ. ಬಿಗಿ ಮಾಡಿಸಿದ ವಾರದೊಳಗೆ ನಿಮ್ಮ ಕಾರಿನ ಸದ್ದು ಜೋರಾದದ್ದು ಇದೇ ಕಾರಣಕ್ಕೆ ಇರಬೇಕು.

ಚಕ್ರ ಕಳಚದೆಯೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಒಬ್ಬರು ಲಿವರನ್ನು ನಿಧಾನವಾಗಿ ಎಳೆದು ಬಿಡುತ್ತಿರಲಿ, ಇನ್ನೊಬ್ಬರು ಹಿಂದಿನ ಚಕ್ರದ ಬಳಿ ಕುಳಿತು ಕಿವಿಗೊಡಲಿ. ಸದ್ದು ಕಾರಿನ ಒಳಗೇ ಇದ್ದರೆ ಲಿವರಿನ ತಿರುಗುಣಿ ಒಣಗಿದೆ ಎಂದರ್ಥ. ಕಾರಿನ ನಡುವಿನ ಅಡಿಭಾಗದಿಂದ ಬಂದರೆ ಕೇಬಲ್ ಹಾದುಹೋಗುವ ಕೊಂಡಿಗಳನ್ನು ನೋಡಬೇಕು. ಚಕ್ರದಿಂದಲೇ ಬಂದರೆ ಮಾತ್ರ ಡ್ರಮ್ ಬಿಚ್ಚುವ ಪ್ರಶ್ನೆ. ನಂತರ ಲಿವರ್ ಪೂರ್ತಿ ಇಳಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾರನ್ನು ಕೈಯಿಂದ ತಳ್ಳಿ. ಒಬ್ಬರೇ ತಳ್ಳಿದರೂ ಸಣ್ಣ ಕಾರು ಸುಲಭವಾಗಿ ಉರುಳಬೇಕು. ಮೂರನೆಯದಾಗಿ, ವಾಹನ ದಟ್ಟಣೆ ಇಲ್ಲದ ಸಪಾಟು ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಓಡಿಸಿ, ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳ ನಡುಭಾಗದ ಹತ್ತಿರಕ್ಕೆ ಅಂಗೈಯ ಹಿಂಭಾಗವನ್ನು ಒಯ್ದು ಬಿಸಿ ಹೋಲಿಸಿ. ಲೋಹವನ್ನು ಮುಟ್ಟಬೇಡಿ, ಕೈ ಸುಡುತ್ತದೆ. ಎಡಚಕ್ರ ಬಲಕ್ಕಿಂತ ಸ್ಪಷ್ಟವಾಗಿ ಬಿಸಿಯಾಗಿದ್ದರೆ ಅದು ಹಿಡಿದುಕೊಂಡಿದೆ ಎಂಬುದರಲ್ಲಿ ಸಂಶಯವಿಲ್ಲ.

ಓಡುವಾಗಿನ ಸದ್ದಿನ ಬಗ್ಗೆ ಒಂದು ಎಚ್ಚರಿಕೆ. ರಾತ್ರಿಯಿಡೀ ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಗರಗರ ಎಂದು ಆಮೇಲೆ ಸುಮ್ಮನಾದರೆ ಅದು ಡ್ರಮ್ಮಿನ ಒಳಮೈಗೆ ಹತ್ತಿದ ತೆಳು ತುಕ್ಕು ಉಜ್ಜಿಹೋಗುವ ಸದ್ದು, ರೋಗವಲ್ಲ. ಬ್ರೇಕ್ ಒತ್ತಿದರೂ ಬಿಟ್ಟರೂ ಒಂದೇ ರೀತಿಯಲ್ಲಿ, ಚಕ್ರದ ಸುತ್ತಿಗೊಮ್ಮೆ ಟಿಣ್ ಟಿಣ್ ಎನ್ನುತ್ತಿದ್ದರೆ ಬ್ಯಾಕ್ ಪ್ಲೇಟಿನ ಅಂಚು ಬಾಗಿ ಡ್ರಮ್ಮಿಗೆ ತಾಗುತ್ತಿರಬಹುದು ಅಥವಾ ನಡುವೆ ಜಲ್ಲಿಯ ಚೂರು ಸಿಕ್ಕಿರಬಹುದು. ವೇಗ ಹೆಚ್ಚಿದಂತೆ ಗುಂಯ್‌ಗುಡುವಿಕೆಯೂ ಏರುತ್ತಾ ಹೋದರೆ ಬೇರಿಂಗನ್ನು ಅನುಮಾನಿಸಬೇಕು. ನೀವು ಬರೆದಿರುವ ತೆಳ್ಳನೆಯ, ಎಡೆಬಿಡದ ಕೀರಲು ದನಿ ಮಾತ್ರ ಲೈನರ್ ಸವರುತ್ತಿರುವಾಗಿನದೇ.

ಈಗ ಬಿಚ್ಚುವ ಕೆಲಸ. ಕಾರು ಗಟ್ಟಿ ನೆಲದ ಮೇಲಿರಲಿ. ಅಂಗಳದ ಮಣ್ಣಿನ ಮೇಲೆ ಜಾಕ್ ಕೂರಿಸಬೇಡಿ. ಡ್ರಮ್ ಕಳಚಲು ಹ್ಯಾಂಡ್ ಬ್ರೇಕ್ ಬಿಡಲೇಬೇಕಾದ್ದರಿಂದ, ಮುಂದಿನ ಎರಡೂ ಚಕ್ರಗಳ ಹಿಂದೆ ಮುಂದೆ ಮರದ ತುಂಡುಗಳನ್ನು ಬಿಗಿಯಾಗಿ ಕೊಟ್ಟು ಕಾರನ್ನು ಮೊದಲ ಗೇರಿನಲ್ಲಿ ನಿಲ್ಲಿಸಿ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು ಎತ್ತಿ, ಕೆಳಗೆ ಕಡ್ಡಾಯವಾಗಿ ಸ್ಟ್ಯಾಂಡ್ ಇಡಿ. ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಬದಲಿಸಲಿಕ್ಕಷ್ಟೇ. ಅದೊಂದನ್ನೇ ನಂಬಿ ಕಾರಿನಡಿ ತೂರಿಕೊಳ್ಳುವುದು ಪ್ರಾಣದೊಡನೆ ಆಟ. ಒಂದು ಸಲಕ್ಕೆ ಒಂದೇ ಪಕ್ಕವನ್ನು ಬಿಚ್ಚಿ. ಸ್ಪ್ರಿಂಗುಗಳು ಯಾವ ತೂತಿಗೆ, ಯಾವ ದಿಕ್ಕಿಗೆ ಎಂಬ ಗೊಂದಲ ಬಂದಾಗ ಇನ್ನೊಂದು ಪಕ್ಕವನ್ನು ತೆರೆದು ನೋಡಿಕೊಳ್ಳಬಹುದು. ಎರಡೂ ಪಕ್ಕ ಕನ್ನಡಿಯ ಬಿಂಬದಂತೆ ಎಡಬಲವಾಗಿರುತ್ತವೆ ಎಂಬುದು ನೆನಪಿರಲಿ. ಮೊಬೈಲಿನಲ್ಲಿ ಮೊದಲೇ ಫೋಟೊ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಡ್ರಮ್ ಕೈಯಿಂದ ಎಳೆದರೆ ಬರುವುದು ಅಪರೂಪ. ಕೆಲವು ಮಾದರಿಗಳಲ್ಲಿ ಡ್ರಮ್ಮಿನ ಮುಖದ ಮೇಲೆ ಮರೆಯುಳ್ಳ (ಥ್ರೆಡ್ ಇರುವ) ಎರಡು ತೂತುಗಳಿರುತ್ತವೆ. ತಕ್ಕ ಅಳತೆಯ ಬೋಲ್ಟ್‌ಗಳನ್ನು ಅವುಗಳಲ್ಲಿ ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋದರೆ ಡ್ರಮ್ ತಾನಾಗಿ ಹೊರಬರುತ್ತದೆ. ಸುತ್ತಿಗೆಯಿಂದ ಅಂಚಿಗೆ ಬಡಿದರೆ ಎರಕದ ಕಬ್ಬಿಣ ಬಿರುಕು ಬಿಡಬಹುದು. ಒಳ ಅಂಚಿನಲ್ಲಿ ಸವೆತದಿಂದ ಎದ್ದ ಏಣು ಶೂಗಳನ್ನು ಹಿಡಿದಿದ್ದರೆ, ಬ್ಯಾಕ್ ಪ್ಲೇಟಿನ ರಬ್ಬರ್ ಬಿರಡೆ ತೆಗೆದು ಒಳಗಿನ ಹೊಂದಾಣಿಕೆ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಶೂಗಳನ್ನು ಕುಗ್ಗಿಸಬೇಕಾಗುತ್ತದೆ. ಆದರೆ ನಮ್ಮಲ್ಲಿ ಓಡುವ ಹಲವು ಸಣ್ಣ ಕಾರುಗಳಲ್ಲಿ ಚಕ್ರದ ಬೇರಿಂಗ್ ಡ್ರಮ್ಮಿನಲ್ಲೇ ಕೂಡಿಕೊಂಡಿದ್ದು, ನಡುವಿನ ದೊಡ್ಡ ನಟ್ ಕಳಚದೆ ಅದು ಹೊರಬರುವುದಿಲ್ಲ. ಆ ನಟ್ಟನ್ನು ನಿಗದಿತ ಬಿಗಿತಕ್ಕೆ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಅಂಚನ್ನು ತಟ್ಟಿ ಲಾಕ್ ಮಾಡುವ ಬಗೆಯದಾದರೆ ಪ್ರತಿ ಸಲವೂ ಹೊಸದನ್ನೇ ಹಾಕಬೇಕು. ನಿಮ್ಮದು ಈ ಜಾತಿಯ ಡ್ರಮ್ ಆಗಿದ್ದು ಟಾರ್ಕ್ ಪಾನಾ ಇಲ್ಲದಿದ್ದರೆ, ಕೆಲಸವನ್ನು ಇಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ ಒಯ್ಯಿರಿ ಎಂದೇ ಹೇಳುತ್ತೇವೆ. ಅಲ್ಲಿ ಏನು ಮಾಡಿಸಬೇಕು ಎಂಬುದು ಗೊತ್ತಿದ್ದರೆ ಅರ್ಧ ಗೆದ್ದಂತೆ.

ಡ್ರಮ್ ತೆರೆದೊಡನೆ ಕಾಣುವ ಕಪ್ಪು ಪುಡಿಯನ್ನು ಬಾಯಿಂದ ಊದಬೇಡಿ, ಕಂಪ್ರೆಸರ್ ಗಾಳಿಯನ್ನೂ ಬಿಡಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಬಳಸುತ್ತಿದ್ದರು, ಅದರ ನಾರು ಶ್ವಾಸಕೋಶಕ್ಕೆ ಮಾರಕ. ಕಲ್ನಾರು ಇಲ್ಲದ ಲೈನರಿನ ಪುಡಿಯೂ ಉಸಿರಿಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಂಡು, ಕೆಳಗೊಂದು ತಟ್ಟೆ ಇಟ್ಟು, ಬ್ರೇಕ್ ಕ್ಲೀನರ್ ಸಿಂಪಡಿಸಿ ಪುಡಿಯನ್ನು ತೋಯಿಸಿಯೇ ಇಳಿಸಬೇಕು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಈಗ ನೋಡಿ. ಮೊದಲು ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೋಪಿಗಳ ಅಂಚನ್ನು ಬೆರಳಿನಿಂದ ಮೆಲ್ಲಗೆ ಎತ್ತಿ. ಒಳಗೆ ಒದ್ದೆ ಇದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ. ಆಗ ಸದ್ದಿನ ಮಾತು ಬದಿಗಿರಲಿ, ಸಿಲಿಂಡರ್ ದುರಸ್ತಿಯಾಗುವವರೆಗೆ ಕಾರು ಹೊರಡಿಸಬಾರದು. ಒಣಗಿದ್ದರೆ ಲೈನರಿನ ದಪ್ಪ ನೋಡಿ. ಹಲವು ತಯಾರಕರು ಹೇಳುವ ಕನಿಷ್ಠ ಮಿತಿ 1 ಮಿಲಿಮೀಟರ್. ಅಂಟಿಸುವ ಬದಲು ರಿವಿಟ್ ಹೊಡೆದ ಲೈನರ್ ಆದರೆ ರಿವಿಟ್ಟಿನ ತಲೆಯ ಮೇಲಿನಿಂದ ಅಳೆಯಬೇಕು. ಏಳು ವರ್ಷದ, ಹೆಚ್ಚು ಓಡದ ಕಾರಿನಲ್ಲಿ ಹಿಂದಿನ ಶೂ ಪೂರ್ತಿ ಸವೆದಿರುವ ಸಂಭವ ಕಡಿಮೆ, ಏಕೆಂದರೆ ಬ್ರೇಕಿನ ಭಾರದ ಬಹುಪಾಲನ್ನು ಹೊರುವುದು ಮುಂದಿನ ಚಕ್ರಗಳು. ಲೈನರ್ ಬರೀ ನುಣುಪಾಗಿ ಹೊಳೆಯುತ್ತಿದ್ದರೆ 80ನೇ ನಂಬರಿನ ಎಮರಿ ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ತಿಕ್ಕಿ, ಎರಡೂ ತುದಿಯ ಚೂಪು ಅಂಚನ್ನು ಅರದಿಂದ ತುಸು ಇಳಿಜಾರು ಮಾಡಿದರೆ ಸಾಕಾಗುತ್ತದೆ. ಎಣ್ಣೆ ಅಥವಾ ಗ್ರೀಸ್ ಹೀರಿದ ಲೈನರಿಗೆ ಮಾತ್ರ ಉಪಾಯವಿಲ್ಲ. ಅದನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟು ಮತ್ತೆ ಹಾಕುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಮೇಲೆ ಒಣಗಿದಂತೆ ಕಂಡರೂ ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ. ಬದಲಿಸುವುದಾದರೆ ಎರಡೂ ಚಕ್ರದ ನಾಲ್ಕೂ ಶೂಗಳನ್ನು ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ಬ್ರೇಕ್ ಒಂದು ಪಕ್ಕಕ್ಕೆ ಎಳೆಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಶೂಗಳನ್ನು ಹಿಡಿದಿರುವ ಪಿನ್ನುಗಳ ಬಟ್ಟಲನ್ನು ಒತ್ತಿ ಕಾಲು ಸುತ್ತು ತಿರುಗಿಸಿ ಬಿಡಿಸಿ, ಶೂಗಳನ್ನು ಈಚೆಗೆ ತೆಗೆಯಿರಿ. ಬ್ಯಾಕ್ ಪ್ಲೇಟಿನ ಆ ದಿಣ್ಣೆಗಳ ಮೇಲೆ ಉಗುರು ಆಡಿಸಿ ನೋಡಿ. ಕೆಂಪು ತುಕ್ಕಿನ ನಡುವೆ ಉಜ್ಜಿ ಬೆಳ್ಳಗಾದ ಗೆರೆ ಕಾಣುತ್ತದೆ. ಕೆಲವೊಮ್ಮೆ ಶೂವಿನ ಅಂಚು ಅಲ್ಲೊಂದು ಸಣ್ಣ ಹಳ್ಳವನ್ನೇ ಕೊರೆದಿದ್ದು ಉಗುರು ಅದರಲ್ಲಿ ಸಿಕ್ಕಿ ನಿಲ್ಲುತ್ತದೆ. ಶೂ ಆ ಹಳ್ಳ ಹತ್ತಿ ಇಳಿಯುವಾಗ ಕಿರ್ರೆನ್ನುತ್ತದೆ, ಒಮ್ಮೊಮ್ಮೆ ಟಕ್ಕೆಂದೂ ಹೊಡೆಯುತ್ತದೆ. ದಿಣ್ಣೆಗಳನ್ನೂ ಅವುಗಳ ಮೇಲೆ ಜಾರುವ ಶೂವಿನ ಅಂಚನ್ನೂ ನುಣ್ಣನೆಯ ಅರ ಇಲ್ಲವೇ ಎಮರಿ ಪೇಪರಿನಿಂದ ಉಜ್ಜಿ ಸಮ ಮಾಡಿ. ಹಳ್ಳ ತೀರಾ ಆಳವಾಗಿದ್ದರೆ ಬ್ಯಾಕ್ ಪ್ಲೇಟನ್ನೇ ಬದಲಿಸಬೇಕಾಗುತ್ತದೆ. ಹೆಚ್ಚಾಗಿ ಅಷ್ಟು ದೂರ ಹೋಗುವುದಿಲ್ಲ. ನಂತರ ಪ್ರತಿ ದಿಣ್ಣೆಗೂ, ಕೇಬಲ್ ಪಟ್ಟಿಯ ತಿರುಗುಣಿಗೂ, ಅಡ್ಡಕಡ್ಡಿಯ ಎರಡು ತುದಿಗೂ ಬ್ರೇಕಿಗಾಗಿಯೇ ಮಾರುವ ಅಧಿಕ ಶಾಖ ತಡೆಯುವ ಗ್ರೀಸನ್ನು ಬೆರಳ ತುದಿಗೆ ಹತ್ತುವಷ್ಟೇ ಸವರಿ. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ಕರಗಿ ಲೈನರಿಗೆ ಇಳಿಯುತ್ತದೆ. ಸದ್ದು ಬರುವ ಕಡೆ ಹೊರಗಿನಿಂದ ಎಣ್ಣೆ ಸಿಂಪಡಿಸುವ ಸುಲಭದ ದಾರಿಯನ್ನಂತೂ ಕನಸಿನಲ್ಲೂ ಹಿಡಿಯಬೇಡಿ: ಸದ್ದಿನ ಜೊತೆಗೆ ಬ್ರೇಕೂ ಹೋಗುತ್ತದೆ.

ಸ್ಪ್ರಿಂಗುಗಳನ್ನು ಎಡಬಲ ಪಕ್ಕಪಕ್ಕ ಇಟ್ಟು ಹೋಲಿಸಿ. ಸುರುಳಿಗಳು ಬಿಟ್ಟುಕೊಂಡಿದ್ದರೆ, ಕೊಕ್ಕೆ ತುಕ್ಕಿನಿಂದ ತೆಳುವಾಗಿದ್ದರೆ ಬದಲಿಸಿ. ಶೂ ಹಿಂದಕ್ಕೆ ಬರುವುದೇ ಅವುಗಳ ಬಲದಿಂದ. ಕೇಬಲಿನ ಪರೀಕ್ಷೆಯೂ ಇದೇ ಹೊತ್ತಿನಲ್ಲಿ ಆಗಬೇಕು. ಪಟ್ಟಿಯಿಂದ ಬಿಡಿಸಿದ ಕೇಬಲಿನ ತುದಿಯನ್ನು ಇಕ್ಕಳದಲ್ಲಿ ಹಿಡಿದು ಹೊರಕ್ಕೆ ಎಳೆಯುತ್ತಿದ್ದಂತೆ ಒಳಗಿನಿಂದ ಒಬ್ಬರು ಲಿವರ್ ಏರಿಳಿಸಲಿ. ಒಳತಂತಿ ತಡೆಯಿಲ್ಲದೆ ಜಾರಬೇಕು. ಕರಕರ ಎಂದು ಕೈಗೆ ಅರಿವಾದರೆ ಕವಚದ ಒಳಗೆ ನೀರು ಸೇರಿ ತಂತಿಗೆ ತುಕ್ಕು ಹಿಡಿದಿದೆ. ಕರಾವಳಿಯ ಕಾರುಗಳಲ್ಲಿ ಚಕ್ರದ ಕಡೆಯ ರಬ್ಬರ್ ಟೋಪಿ ಹರಿದು ಹೀಗಾಗುವುದು ಬಹಳ. ಒಳಗೆ ಪ್ಲಾಸ್ಟಿಕ್ ಪದರವಿರುವ ಈಗಿನ ಕೇಬಲ್‌ಗಳಿಗೆ ಎಣ್ಣೆ ಬಿಡುವುದರಿಂದ ಬಹುಕಾಲ ಪ್ರಯೋಜನವಾಗದು; ಬದಲಿಸುವುದೇ ಸರಿ. ನಿಮ್ಮ ಎಡಚಕ್ರವೊಂದೇ ಹಿಡಿದಿರುವುದನ್ನು ನೋಡಿದರೆ ಎಡಗಡೆಯ ಕೇಬಲಿನ ಮೇಲೂ ನಮಗೆ ಅನುಮಾನವಿದೆ.

ಡ್ರಮ್ಮಿನ ಒಳಮೈ ಕೈಗೆ ಗೆರೆಗೆರೆಯಾಗಿ ಸಿಕ್ಕಿದರೆ ಲೇತ್‌ಗೆ ಕೊಟ್ಟು ತೆಳ್ಳಗೆ ಹೊಡೆಸಬಹುದು, ಆದರೆ ಅನುಮತಿಸಿದ ಗರಿಷ್ಠ ಒಳವ್ಯಾಸವನ್ನು ಡ್ರಮ್ಮಿನ ಮೇಲೆಯೇ ಅಚ್ಚೊತ್ತಿರುತ್ತಾರೆ, ಅದನ್ನು ಮೀರಬಾರದು.

ಮರುಜೋಡಣೆಯಾದ ಮೇಲೆ ಹೊಂದಾಣಿಕೆಯ ಕ್ರಮ ತಪ್ಪದಿರಲಿ. ಮೊದಲು ಲಿವರಿನ ಬುಡದ ನಟ್ಟನ್ನು ಪೂರ್ತಿ ಸಡಿಲಿಸಿ, ಒಳಗಿನ ಪಟ್ಟಿಗಳು ಎರಡೂ ಕಡೆ ತಂಗುದಾಣಕ್ಕೆ ತಾಗಿವೆಯೇ ಎಂದು ಖಚಿತಪಡಿಸಿಕೊಳ್ಳಿ. ನಂತರ ಡ್ರಮ್ ಕೂರಿಸಿ, ಎಂಜಿನ್ ಚಾಲೂ ಮಾಡದೆ ಕಾಲಿನ ಬ್ರೇಕನ್ನು ಹತ್ತಿಪ್ಪತ್ತು ಸಲ ಒತ್ತಿ. ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಸರಿಹೋಗುವುದು ಬಹಳಷ್ಟು ಕಾರುಗಳಲ್ಲಿ ಹೀಗೆ. ಚಕ್ರವನ್ನು ಕೈಯಿಂದ ತಿರುಗಿಸಿದರೆ ಸಣ್ಣಗೆ ಸವರಿದ ಸದ್ದು ಬಂದರೂ ತಡೆ ಇರಬಾರದು. ಕೇಬಲಿನ ನಟ್ಟನ್ನು ಬಿಗಿಯಬೇಕಾದ್ದು ಇದಾದ ಮೇಲೆಯೇ. ಬಹಳಷ್ಟು ಸಣ್ಣ ಕಾರುಗಳಲ್ಲಿ ಲಿವರ್ 4ರಿಂದ 9 ಕಟಕ್‌ಗಳೊಳಗೆ ಗಟ್ಟಿಯಾಗಿ ನಿಲ್ಲಬೇಕೆಂಬ ಲೆಕ್ಕವಿರುತ್ತದೆ. ನಿಮ್ಮ ಮಾದರಿಗೆ ಎಷ್ಟೆಂಬುದು ಕೈಪಿಡಿಯಲ್ಲಿದೆ, ಅದೇ ಪ್ರಮಾಣ. ಲಿವರ್ ಪೂರ್ತಿ ಇಳಿಸಿದಾಗ ಎರಡೂ ಚಕ್ರ ಮುಕ್ತವಾಗಿ ತಿರುಗುವುದನ್ನೂ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುವುದನ್ನೂ ನೋಡಿಕೊಂಡು ಕೆಳಗಿಳಿಸಿ. ಮೊದಲ ಓಡಾಟ ನಿರ್ಜನ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ ಇರಲಿ. ಲೈನರ್ ಉಜ್ಜಿದ್ದರೆ ಅದು ಡ್ರಮ್ಮಿಗೆ ಹೊಂದಿಕೊಳ್ಳಲು ಒಂದಷ್ಟು ಹದವಾದ ಬ್ರೇಕುಗಳು ಬೇಕಾಗುತ್ತವೆ.

ಒಟ್ಟಿನಲ್ಲಿ ಈಗಲೇ ಶೂ ಬದಲಿಸಲು ಒಪ್ಪಬೇಡಿ. ಗ್ಯಾರೇಜಿನಲ್ಲೇ ಮಾಡಿಸುವುದಾದರೆ ಡ್ರಮ್ ಬಿಚ್ಚಿಸಿ, ಲೈನರಿನ ದಪ್ಪವನ್ನು ನಿಮ್ಮ ಕಣ್ಣೆದುರೇ ಅಳೆಯಿಸಿ, ದಿಣ್ಣೆಗಳನ್ನು ಸ್ವಚ್ಛ ಮಾಡಿ ಗ್ರೀಸ್ ಹಾಕಲು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಈ ಕೆಲಸವನ್ನು ಹಾರಿಸಿಬಿಡುವವರೇ ಹೆಚ್ಚು.

ಪ್ರಶ್ನೆ: ನನ್ನ ಸೆಡಾನಿಗೆ ಹಿಂದೆಯೂ ಡಿಸ್ಕ್ ಬ್ರೇಕ್ ಇದೆ, ಆದರೆ ಹ್ಯಾಂಡ್ ಬ್ರೇಕ್ ಎಳೆಯುವ ಲಿವರಿನದೇ. ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ ಕಾಲು ತೆಗೆದರೆ ಹಿಂದಿನಿಂದ ನರಳಿದಂಥ ಸದ್ದು ಬರುತ್ತದೆ. ಪ್ಯಾಡ್ ಹೊಸದು ಹಾಕಿಸಿದ ಮೇಲೆ ಶುರುವಾಯಿತು.
— ಓದುಗರು, ಹುಬ್ಬಳ್ಳಿ

ಉತ್ತರ: ಕಾಲು ತೆಗೆದ ಕ್ಷಣ ಕಾರಿನ ಭಾರವೆಲ್ಲ ಹ್ಯಾಂಡ್ ಬ್ರೇಕಿಗೆ ಬೀಳುತ್ತದೆ, ಪ್ಯಾಡು ಒಂದು ಕೂದಲೆಳೆಯಷ್ಟು ಜಾರಿ ಹಿಡಿದುಕೊಳ್ಳುತ್ತದೆ, ಆ ಜಾರುವಿಕೆಯ ಸದ್ದೇ ನರಳಾಟ. ಕಾರು ಆಮೇಲೆ ಕದಲದೆ ನಿಂತರೆ ಗಾಬರಿ ಬೇಡ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಂಡಂತೆ ಕಡಿಮೆಯಾಗುವುದುಂಟು. ಆದರೆ ಪ್ಯಾಡ್ ಹಾಕಿದ ರೀತಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಅಗತ್ಯ. ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿನಲ್ಲೇ ಹ್ಯಾಂಡ್ ಬ್ರೇಕ್ ಕೂಡಿರುವ ಮಾದರಿಯಲ್ಲಿ ಪಿಸ್ಟನ್ನಿನ ಒಳಗೆ ಮರೆಯುಳ್ಳ ಸರಳು ಇರುತ್ತದೆ. ಇಂಥ ಬಹುತೇಕ ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕೇ ಹೊರತು ಮುಂದಿನ ಬ್ರೇಕಿಗೆ ಮಾಡುವಂತೆ ಒತ್ತಿ ತಳ್ಳಬಾರದು. ಬಲವಂತದಿಂದ ತಳ್ಳಿದರೆ ಒಳಗಿನ ಹೊಂದಾಣಿಕೆ ಹಾಳಾಗುತ್ತದೆ, ಆಗ ಕ್ಯಾಲಿಪರನ್ನೇ ಬದಲಿಸುವ ಪ್ರಸಂಗ ಬರಬಹುದು. ಪ್ಯಾಡಿನ ಕಿವಿಗಳು ಕೂರುವ ತೊಟ್ಟಿಲು, ಜಾರುವ ಪಿನ್ನುಗಳು, ಕ್ಯಾಲಿಪರಿನ ಹಿಂದೆ ಕೇಬಲ್ ಸಿಕ್ಕಿಕೊಂಡಿರುವ ತೋಳು, ಈ ಮೂರೂ ಒಣಗಿರಬಾರದು. ಹ್ಯಾಂಡ್ ಬ್ರೇಕ್ ಬಿಟ್ಟಾಗ ಆ ತೋಳು ತನ್ನ ತಡೆಗೂಟಕ್ಕೆ ತಾಗುವಷ್ಟು ಹಿಂದಕ್ಕೆ ಬರಬೇಕು.

ಕೆಲವು ಕಾರುಗಳಲ್ಲಿ ವ್ಯವಸ್ಥೆ ಬೇರೆ: ಓಡುವಾಗ ಡಿಸ್ಕ್, ನಿಲ್ಲಿಸಲು ಡಿಸ್ಕಿನ ನಡುಬಟ್ಟಲಿನೊಳಗೆ ಅಡಗಿರುವ ಪುಟ್ಟ ಡ್ರಮ್. ಈ ಪುಟ್ಟ ಶೂಗಳು ನಿಂತ ಕಾರನ್ನು ಹಿಡಿಯುವುದಕ್ಕಷ್ಟೇ ಬಳಕೆಯಾಗುವುದರಿಂದ ಸವೆಯುವುದು ಅತಿ ಕಡಿಮೆ, ತುಕ್ಕು ಹಿಡಿಯುವುದೇ ಹೆಚ್ಚು. ನಿಮ್ಮದು ಇದಾದರೆ ಮೇಲಿನ ಉತ್ತರದಲ್ಲಿ ಹೇಳಿದ ಸ್ವಚ್ಛತೆಯ ಕ್ರಮವೇ ಅನ್ವಯಿಸುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿಟ್ಟು ನಾಲ್ಕು ದಿನ ಊರಿಗೆ ಹೋಗಿ ಬಂದೆವು. ಕಾರು ಹೊರಡಲೇ ಇಲ್ಲ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಟಪ್ಪೆಂದು ಸದ್ದಾಗಿ ಬಿಟ್ಟಿತು. ಆಗಿನಿಂದ ಚಕ್ರ ತಿರುಗುವಾಗ ಕಿರುಗುಟ್ಟುತ್ತಿದೆ. ಇನ್ನು ಮುಂದೆ ಹ್ಯಾಂಡ್ ಬ್ರೇಕನ್ನೇ ಹಾಕದಿರುವುದು ಒಳ್ಳೆಯದೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಒದ್ದೆಯಾದ ಲೈನರನ್ನು ಡ್ರಮ್ಮಿಗೆ ಒತ್ತಿ ದಿನಗಟ್ಟಲೆ ಬಿಟ್ಟರೆ ನಡುವೆ ತುಕ್ಕು ಬೆಳೆದು ಎರಡನ್ನೂ ಬೆಸೆಯುತ್ತದೆ. ಬಲವಂತದಿಂದ ಬಿಡಿಸಿದಾಗ ಕೆಲವೊಮ್ಮೆ ಬರೀ ತುಕ್ಕು ಹರಿಯುತ್ತದೆ, ಕೆಲವೊಮ್ಮೆ ಲೈನರ್ ಶೂವಿನಿಂದಲೇ ಕಿತ್ತು ಬರುತ್ತದೆ. ಕಿತ್ತ ಲೈನರ್ ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಓಡುವ ಚಕ್ರ ಹಠಾತ್ತನೆ ಬಿಗಿದು ನಿಲ್ಲುವ ಅಪಾಯವಿದೆ. ಆದ್ದರಿಂದ ನಿಮ್ಮ ಕಾರಿನ ಎರಡೂ ಡ್ರಮ್ ಬಿಚ್ಚಿ ನೋಡುವವರೆಗೆ ಓಡಿಸದಿರುವುದೇ ಕ್ಷೇಮ. ಮುಂದಿನ ಸಲ ಹೀಗಾದರೆ ಆಕ್ಸಿಲರೇಟರ್ ಒತ್ತಬೇಡಿ; ಕಾರನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಕದಲಿಸಿ ನೋಡಿ, ಬಿಡದಿದ್ದರೆ ಚಕ್ರ ಕಳಚಿಸಿ ಡ್ರಮ್ಮಿನ ಸುತ್ತ ಮರದ ಕೊಡತಿಯಿಂದ ಹದವಾಗಿ ತಟ್ಟಿಸಿ.

ಹ್ಯಾಂಡ್ ಬ್ರೇಕನ್ನೇ ಬಿಟ್ಟುಬಿಡುವುದು ಪರಿಹಾರವಲ್ಲ, ಏಕೆಂದರೆ ಬಳಸದ ಕೇಬಲ್ ಇನ್ನೂ ಬೇಗ ಹಿಡಿದುಕೊಳ್ಳುತ್ತದೆ. ದಿನನಿತ್ಯ ಬಳಸಿ. ಮಳೆಯಲ್ಲಿ ಹಲವು ದಿನ ನಿಲ್ಲಿಸುವುದಾದರೆ ಮಾತ್ರ, ಸಮತಟ್ಟಾದ ಜಾಗದಲ್ಲಿ ಮೊದಲ ಗೇರಿನಲ್ಲಿಟ್ಟು ಚಕ್ರಗಳಿಗೆ ಮರದ ತುಂಡು ಕೊಟ್ಟು ಹ್ಯಾಂಡ್ ಬ್ರೇಕ್ ಬಿಟ್ಟಿರಿ. ನಿಲ್ಲಿಸುವ ಮೊದಲು ಕೊನೆಯ ಸ್ವಲ್ಪ ದೂರದಲ್ಲಿ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಬಂದರೆ ಲೈನರ್ ಒಣಗಿರುತ್ತದೆ.

ನೀವು ಆಗುಂಬೆ ಘಾಟಿಯ ಮಗ್ಗುಲಿನವರಾದ್ದರಿಂದ ಇನ್ನೊಂದು ಮಾತು. ಘಾಟಿ ಇಳಿದೊಡನೆ ಡ್ರಮ್ ಕಾದು ಹಿಗ್ಗಿರುತ್ತದೆ. ಆ ಹೊತ್ತಿನಲ್ಲಿ ಹ್ಯಾಂಡ್ ಬ್ರೇಕನ್ನು ಬಲವಾಗಿ ಎಳೆದಿಟ್ಟರೆ ತಣಿದಾಗ ಡ್ರಮ್ ಕುಗ್ಗಿ ಶೂಗಳನ್ನು ಇನ್ನಷ್ಟು ಬಿಗಿಯಾಗಿ ಕಚ್ಚುತ್ತದೆ. ಹಿಂದೆ ಡಿಸ್ಕ್ ಇರುವ ಕಾರಿನಲ್ಲಿ ಇದು ತಿರುಗುಮುರುಗು: ಕಾದ ಡಿಸ್ಕೂ ಪ್ಯಾಡೂ ತಣಿದು ತೆಳುವಾದಾಗ ಹಿಡಿತ ಸಡಿಲಾಗಿ, ಇಳಿಜಾರಿನಲ್ಲಿ ನಿಂತ ಕಾರು ಉರುಳಲೂಬಹುದು. ಎರಡೂ ಬಗೆಯ ಕಾರಿನವರು ಘಾಟಿಯನ್ನು ಬ್ರೇಕಿನ ಬದಲು ಕೆಳ ಗೇರಿನಲ್ಲಿ ಇಳಿಯುವುದು, ನಿಲ್ಲಿಸಿದಾಗ ಗೇರಿನಲ್ಲೇ ಬಿಡುವುದು ಒಳ್ಳೆಯದು.

ಪ್ರಶ್ನೆ: ಒಂದು ಕಡೆಯ ಹಿಂದಿನ ಚಕ್ರ ಕಿರುಚುತ್ತಿತ್ತು. ಮೆಕ್ಯಾನಿಕ್ ಆ ಕಡೆಯ ಹ್ಯಾಂಡ್ ಬ್ರೇಕ್ ಕೇಬಲನ್ನು ಬಿಡಿಸಿ ಕಟ್ಟಿಟ್ಟಿದ್ದಾರೆ. ಸದ್ದು ನಿಂತಿದೆ. ಹೀಗೇ ಬಿಡಬಹುದೇ?
— ಓದುಗರು, ಬಳ್ಳಾರಿ

ಉತ್ತರ: ಬಿಡಬಾರದು. ಒಂದೇ ಚಕ್ರ ಹಿಡಿಯುವ ಹ್ಯಾಂಡ್ ಬ್ರೇಕ್ ಸಪಾಟು ಜಾಗದಲ್ಲಿ ಸರಿಯಾಗಿಯೇ ಇರುವಂತೆ ತೋರುತ್ತದೆ, ತುಂಬಿದ ಕಾರು ಇಳಿಜಾರಿನಲ್ಲಿ ನಿಂತಾಗ ಕೈಕೊಡುತ್ತದೆ. ಕಾನೂನಿನ ಪ್ರಕಾರವೂ ಇದು ತಪ್ಪು: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೇ ನಿಯಮವು ಕಾಲಿನ ಬ್ರೇಕ್ ಮತ್ತು ಪಾರ್ಕಿಂಗ್ ಬ್ರೇಕ್ ಎಂಬ ಎರಡು ಸ್ವತಂತ್ರ ಹಾಗೂ ಸಮರ್ಥ ವ್ಯವಸ್ಥೆಗಳನ್ನು ಕೇಳುತ್ತದೆ. ಕೇಬಲ್ ಬಿಡಿಸಿದೊಡನೆ ಸದ್ದು ನಿಂತಿದೆ ಎಂಬುದು ಮಾತ್ರ ಉಪಯುಕ್ತ ಸುಳಿವು. ತಪ್ಪು ಲೈನರಿನದಲ್ಲ, ಆ ಕೇಬಲ್ ಮರಳುತ್ತಿಲ್ಲ ಅಥವಾ ಮಿತಿಮೀರಿ ಬಿಗಿಯಾಗಿದೆ ಎಂದಾಯಿತು. ಕೇಬಲ್ ಬದಲಿಸಿ, ಹೊಂದಾಣಿಕೆಯನ್ನು ಮೊದಲ ಉತ್ತರದಲ್ಲಿ ಹೇಳಿದ ಕ್ರಮದಲ್ಲಿ ಮಾಡಿಸಿ. ಅಲ್ಲಿಯವರೆಗೆ ಕಾರನ್ನು ಗೇರಿನಲ್ಲಿಟ್ಟು ನಿಲ್ಲಿಸಿ.

ಪ್ರಶ್ನೆ: ಹೊಸ ಕಾರಿನಲ್ಲಿ ಗುಂಡಿ ಒತ್ತಿದರೆ ಹ್ಯಾಂಡ್ ಬ್ರೇಕ್ ಬೀಳುತ್ತದೆ. ಪ್ರತಿ ಸಲವೂ ಹಿಂದಿನಿಂದ ‘ಜುಂಯ್’ ಎಂಬ ಸದ್ದು. ದೋಷವೇ?
— ಓದುಗರು, ಮೈಸೂರು

ಉತ್ತರ: ಅಲ್ಲ. ಬಹುತೇಕ ಇಂಥ ಕಾರುಗಳಲ್ಲಿ ಹಿಂದಿನ ಕ್ಯಾಲಿಪರಿಗೇ ಕೂರಿಸಿದ ಪುಟ್ಟ ಮೋಟಾರು ಪಿಸ್ಟನ್ನನ್ನು ತಳ್ಳುವ ಸದ್ದು ಅದು. ಒಂದೆರಡು ಸೆಕೆಂಡಿನಲ್ಲಿ ನಿಲ್ಲಬೇಕು. ಮೊದಲಿಗಿಂತ ಬಹಳ ಹೊತ್ತು ಎಳೆದರೆ, ಎಡಬಲ ಬೇರೆ ಬೇರೆಯಾಗಿ ಕೇಳಿದರೆ ಅಥವಾ ಎಚ್ಚರಿಕೆಯ ದೀಪ ಹತ್ತಿದರೆ ತೋರಿಸಿ. ಮುಂದೆ ಹಿಂದಿನ ಪ್ಯಾಡ್ ಬದಲಿಸುವ ಸಂದರ್ಭ ಬಂದಾಗ, ಸ್ಕ್ಯಾನರ್ ಜೋಡಿಸಿಯೋ ಕೈಪಿಡಿಯಲ್ಲಿ ಹೇಳಿದ ಕ್ರಮದಿಂದಲೋ ಮೋಟಾರನ್ನು ಸರ್ವಿಸ್ ಸ್ಥಿತಿಗೆ ತಂದ ನಂತರವೇ ಕ್ಯಾಲಿಪರಿಗೆ ಕೈ ಹಾಕುವ ಗ್ಯಾರೇಜನ್ನು ಆರಿಸಿಕೊಳ್ಳಿ.